ಊರಿಂದ ಬಂದವರಿಗೆ ಕಾರಿನ ಕೀ ಕೊಡುವ ಮುನ್ನ

ಬೇಸಿಗೆ ಬಂತೆಂದರೆ ಬ್ರಿಟನ್ನಿನ ಕನ್ನಡಿಗರ ಮನೆಗಳಲ್ಲಿ ಸಂಭ್ರಮ. ಊರಿನಿಂದ ಅಪ್ಪ-ಅಮ್ಮ, ಅಣ್ಣ-ಅತ್ತಿಗೆ, ಅಕ್ಕ-ಭಾವ ಬರುತ್ತಾರೆ. ಇಲ್ಲಿಯೂ ರಸ್ತೆಯ ಎಡಗಡೆಯೇ ಓಡಿಸುವುದರಿಂದ, ಬೆಂಗಳೂರಿನ ಟ್ರಾಫಿಕ್‌ನಲ್ಲಿ ಪಳಗಿದ ಭಾವ "ಕೀ ಕೊಡಿ, ನಾನೇ ಓಡಿಸ್ತೀನಿ" ಎನ್ನುವುದು ಸಹಜ. ಇಲ್ಲ ಎನ್ನಲು ನಮಗೆ ಸಂಕೋಚ. ಆದರೆ ಕೀ ಕೊಡುವ ಮುನ್ನ ಕೆಲವು ವಿಷಯ ತಿಳಿದಿರಲಿ.

ಲೈಸೆನ್ಸ್: ಭಾರತದ ಪೂರ್ಣ ಲೈಸೆನ್ಸ್ ಇರುವ ಪ್ರವಾಸಿಗರು ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಬಂದಿಳಿದ ದಿನದಿಂದ 12 ತಿಂಗಳು ಕಾರು ಓಡಿಸಬಹುದು. ಅದರ ಅವಧಿ ಮುಗಿದಿರಬಾರದು. ಕಲಿಯುವವರ ಲೈಸೆನ್ಸ್ ನಡೆಯುವುದಿಲ್ಲ.

ವಿಮೆ: ನಮ್ಮವರು ಎಡವುವುದು ಇಲ್ಲೇ. ಭಾರತದಲ್ಲಿ ವಿಮೆ ಸಾಮಾನ್ಯವಾಗಿ ಕಾರಿಗೆ ಇರುತ್ತದೆ. ಲೈಸೆನ್ಸ್ ಇದ್ದವರು ಮಾಲೀಕರ ಒಪ್ಪಿಗೆಯಿಂದ ಓಡಿಸಬಹುದು. ಇಲ್ಲಿ ಸಾಮಾನ್ಯವಾಗಿ ಸರ್ಟಿಫಿಕೇಟಿನಲ್ಲಿ ಹೆಸರಿರುವ ಚಾಲಕರಿಗೆ ಮಾತ್ರ ರಕ್ಷಣೆ. ನಿಮ್ಮದು ಕಾಂಪ್ರಿಹೆನ್ಸಿವ್ ಪಾಲಿಸಿ ಎಂದಮಾತ್ರಕ್ಕೆ ಭಾವನಿಗೂ ವಿಮೆ ಇದೆ ಎಂದುಕೊಳ್ಳಬೇಡಿ.

ವಿಮೆಯಿಲ್ಲದೆ ಓಡಿಸಿ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸೆನ್ಸಿಗೆ 6 ಪೆನಾಲ್ಟಿ ಪಾಯಿಂಟ್. ಕೋರ್ಟಿಗೆ ಹೋದರೆ ಶಿಕ್ಷೆ ಇನ್ನೂ ಹೆಚ್ಚಾಗಬಹುದು. ಪೊಲೀಸರು ಕಾರನ್ನೂ ಎಳೆದೊಯ್ಯಬಹುದು. 1988ರ ರೋಡ್ ಟ್ರಾಫಿಕ್ ಕಾಯಿದೆಯ 143ನೇ ಸೆಕ್ಷನ್ ಪ್ರಕಾರ, ವಿಮೆಯಿಲ್ಲದವರಿಗೆ ಕಾರು ಓಡಿಸಲು ಬಿಡುವುದೂ ಅಪರಾಧ. ಅಂದರೆ ಭಾವ ಊರಿಗೆ ಮರಳಿದ ಮೇಲೂ ಪಾಯಿಂಟ್‌ಗಳು ನಿಮ್ಮ ಲೈಸೆನ್ಸಿನ ಮೇಲೆ ಉಳಿಯುತ್ತವೆ. ಮುಂದಿನ ವರ್ಷಗಳ ಪ್ರೀಮಿಯಂ ಏರುತ್ತದೆ.

ಇದಕ್ಕೆ ಎರಡು ದಾರಿ ಇವೆ:

1. ನಿಮ್ಮ ಪಾಲಿಸಿಗೇ ಅವರ ಹೆಸರು ಸೇರಿಸುವುದು. ಕಂಪನಿಗೆ ಫೋನ್ ಮಾಡಿ, ಭಾರತದ ಲೈಸೆನ್ಸ್ ಒಪ್ಪುತ್ತಾರೆಯೇ, ಹೆಚ್ಚುವರಿ ಹಣವೆಷ್ಟು ಎಂದು ಕೇಳಿ. ಅಪಘಾತವಾದರೆ ನಿಮ್ಮ ನೋ ಕ್ಲೇಮ್ಸ್ ಬೋನಸ್‌ಗೆ ಪೆಟ್ಟು ಬೀಳಬಹುದು.

2. ಅವರ ಹೆಸರಿನಲ್ಲೇ ತಾತ್ಕಾಲಿಕ ವಿಮೆ. ಒಂದು ದಿನದಿಂದ ಕೆಲವು ವಾರಗಳವರೆಗೆ ಸಿಗುತ್ತದೆ. ಇದು ಪ್ರತ್ಯೇಕ ಪಾಲಿಸಿಯಾದ್ದರಿಂದ ನಿಮ್ಮ ಬೋನಸ್ ಸಾಮಾನ್ಯವಾಗಿ ಉಳಿಯುತ್ತದೆ. ವಯಸ್ಸಿನ ಮಿತಿ ಇರಬಹುದು, ಹಿರಿಯರಿದ್ದರೆ ಮೊದಲೇ ವಿಚಾರಿಸಿ.

ಎರಡರಲ್ಲೂ ವಯಸ್ಸು, ಲೈಸೆನ್ಸ್ ಪಡೆದ ವರ್ಷ, ಹಿಂದಿನ ಅಪಘಾತ ಎಲ್ಲವನ್ನೂ ಸರಿಯಾಗಿ ತಿಳಿಸಿ. ತಪ್ಪು ವಿವರ ಕೊಟ್ಟರೆ ಕ್ಲೇಮ್ ತಿರಸ್ಕೃತವಾಗಬಹುದು. ಎಕ್ಸೆಸ್, ಅಂದರೆ ಅಪಘಾತವಾದಾಗ ನೀವೇ ಭರಿಸಬೇಕಾದ ಮೊತ್ತ, ಎಷ್ಟೆಂದು ಕೇಳಿ. ಸರ್ಟಿಫಿಕೇಟ್ ಕೈಗೆ ಬಂದ ಮೇಲೆ, ಅದರಲ್ಲಿನ ಹೆಸರು, ದಿನಾಂಕ ನೋಡಿಯೇ ಕೀ ಕೊಡಿ.

ಮೊದಲ ದಿನ ಪಕ್ಕದಲ್ಲಿ ನೀವು ಕೂತಿರಿ. ವೇಗದ ಫಲಕಗಳು ಮೈಲಿಯಲ್ಲಿರುತ್ತವೆ, ರೌಂಡ್‌ಅಬೌಟ್‌ನಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು ಎಂದು ನೆನಪಿಸಿ. ವಿಮೆ ಮಾಡಿಸುವ ತನಕ ಕಾಯಿರಿ ಎಂದರೆ ಯಾರೂ ಬೇಸರಿಸುವುದಿಲ್ಲ. ಬಂದವರು ಕ್ಷೇಮವಾಗಿ ಸುತ್ತಾಡಿ, ನೆಮ್ಮದಿಯಿಂದ ಊರಿಗೆ ಮರಳಲಿ.