ಚೂರು ಚಿಕ್ಕದಿರಲಿ, ವಾಸನೆ ಜೋರಿರಲಿ

ಮರಿ ಮನೆಗೆ ಬಂದದ್ದು ಸಂತೋಷ ಕಣಮ್ಮಾ. ಆದರೆ ನೀನು ಕಳಿಸಿದ ಫೋಟೊದಲ್ಲಿ ನಾಯಿಮರಿಗಿಂತ ತಿಂಡಿ ಡಬ್ಬಗಳೇ ಹೆಚ್ಚು ಕಂಡವು. ಬಣ್ಣಬಣ್ಣದ ಬಿಸ್ಕತ್ತು, ಮೂಳೆಯಾಕಾರದ ಕಡ್ಡಿ, ಏನೋ ಹೊಗೆಯಾಡಿಸಿದ ಪಟ್ಟಿ. ಅಂಗಡಿಯವನು ತನ್ನ ಕೆಲಸ ಚೆನ್ನಾಗಿಯೇ ಮಾಡಿದ್ದಾನೆ. ಅವನ್ನೆಲ್ಲ ಕಪಾಟಿನಲ್ಲಿಟ್ಟು ಸ್ವಲ್ಪ ನನ್ನ ಮಾತು ಕೇಳು.

ತರಬೇತಿಗೆ ಕೊಡುವ ತಿಂಡಿಯನ್ನು ಊಟದ ಲೆಕ್ಕದಲ್ಲಿ ನೋಡಬೇಡ. ಅದು ಮಾಡಿದ ಕೆಲಸಕ್ಕೆ ಸ್ಥಳದಲ್ಲೇ ಕೊಡುವ ಕೂಲಿ. ಮರಿಯ ಮೂಗಿನ ಮುಂದೆ ಚೂರು ಹಿಡಿದು ಕೈಯನ್ನು ನಿಧಾನವಾಗಿ ಅದರ ತಲೆಯ ಮೇಲಕ್ಕೆ ಒಯ್ದು ನೋಡು. ಮೂಗು ಮೇಲೇಳುತ್ತದೆ, ಹಿಂಭಾಗ ತಾನಾಗಿಯೇ ನೆಲಕ್ಕೆ ಕೂರುತ್ತದೆ. ಕೂತ ತಕ್ಷಣ, ಒಂದು ಸೆಕೆಂಡಿನೊಳಗೆ, ಚೂರು ಬಾಯಿಗೆ ಬೀಳಬೇಕು. ನೀನು ಡಬ್ಬದ ಮುಚ್ಚಳ ತಿರುಗಿಸುವಷ್ಟರಲ್ಲಿ ಮರಿ ಎದ್ದು ನಿಂತು ಬಾಲ ಅಲ್ಲಾಡಿಸುತ್ತಿರುತ್ತದೆ. ಆಗ ಕೊಟ್ಟರೆ ಎದ್ದು ನಿಂತದ್ದಕ್ಕೇ ಕೂಲಿ ಕೊಟ್ಟಂತೆ. ಹಾಗಾಗಿ ಸೊಂಟಕ್ಕೊಂದು ಚಿಕ್ಕ ಚೀಲ ಕಟ್ಟಿಕೋ.

ಎಂಥ ಚೂರು? ತೊಗರಿಕಾಳಿನ ಗಾತ್ರದ್ದು, ಮೆತ್ತಗಿರುವುದು, ಅಗಿಯದೆ ನುಂಗುವಂಥದ್ದು. ಗಟ್ಟಿ ಬಿಸ್ಕತ್ತು ಕೊಟ್ಟರೆ ಮರಿ ಅದನ್ನು ಕಟಕಟ ಕಡಿದು ನೆಲಕ್ಕೆ ಉದುರಿಸುತ್ತದೆ. ಆಮೇಲೆ ಪುಡಿ ಹುಡುಕುತ್ತಾ ಸೋಫಾದ ಕೆಳಗೆ ಮೂಗು ತೂರಿಸುತ್ತದೆ. ಪಾಠ ಅಲ್ಲಿಗೆ ಮುಗಿಯಿತು. ಅಗಿಯುವ ಕಡ್ಡಿಗಳನ್ನು ಮಧ್ಯಾಹ್ನ ಅದು ಮೇಜಿನ ಕಾಲು ಕಚ್ಚುವ ಹೊತ್ತಿಗೆ ಇಟ್ಟುಕೋ, ತರಬೇತಿಗೆ ಅವು ದಂಡ.

ಗಾತ್ರದ ವಿಷಯದಲ್ಲಿ ನಮ್ಮ ಕೈ ಯಾವಾಗಲೂ ಧಾರಾಳ. ದಿನದ ಒಟ್ಟು ಕ್ಯಾಲೊರಿಯಲ್ಲಿ ನೂರಕ್ಕೆ ಹತ್ತರಷ್ಟನ್ನು ಟ್ರೀಟ್ ಮೀರಬಾರದು ಎಂಬುದು ಪಶುವೈದ್ಯರ ಸಾಮಾನ್ಯ ಮಾತು. 10 ಕೆಜಿ ತೂಗುವ ಬೆಳೆದ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಸಾಕು ಅಂದುಕೊಂಡರೆ ಟ್ರೀಟಿನ ಪಾಲು 60. ಅಂದರೆ ಸುಮಾರು 20 ಗ್ರಾಂ ಪನ್ನೀರ್. ಅಷ್ಟೇನಾ ಅನ್ನಬೇಡ. ಆ 20 ಗ್ರಾಮನ್ನು ತೊಗರಿಕಾಳಿನಂತೆ ಹೆಚ್ಚಿದರೆ ನೂರಕ್ಕೂ ಹೆಚ್ಚು ಚೂರು ಬರುತ್ತದೆ, ನೂರು ಸಲ ಕೂರಿಸಬಹುದು. ಅದೇ ನಾಯಿಗೆ ನಿನ್ನತ್ತೆ ಪ್ರೀತಿಯಿಂದ ತುಪ್ಪ ಸವರಿದ ಒಂದು ಚಪಾತಿ ಹಾಕಿದರೆ ಆ ದಿನದ ಪಾಲು ಒಂದೇ ಸಲಕ್ಕೆ ಖರ್ಚಾಗಿ ಮೇಲೆ ಸಾಲವಾಗುತ್ತದೆ. ಕೊಟ್ಟಷ್ಟನ್ನು ಊಟದ ಬಟ್ಟಲಿನಿಂದ ಕಳೆ.

ನಿನ್ನದು ಲ್ಯಾಬ್ರಡಾರ್ ಬೇರೆ. 2016ರಲ್ಲಿ ಕೇಂಬ್ರಿಜ್‌ನ ಸಂಶೋಧಕರು ಈ ತಳಿಯ ಹಸಿವಿನ ಹಿಂದೆ ಒಂದು ಜೀನಿನ ಕೈವಾಡವನ್ನು ಗುರುತಿಸಿದರು. ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ಗೆ ಪಿಒಎಂಸಿ ಎಂಬ ಜೀನಿನ ತುಣುಕೊಂದು ಇರುವುದಿಲ್ಲ, ಅಂಥವಕ್ಕೆ ತಿನ್ನುವ ಆಸೆಯೂ ಹೆಚ್ಚು, ತೂಕವೂ ಹೆಚ್ಚು. ನಿನ್ನ ಮರಿ ಬಟ್ಟಲು ಖಾಲಿ ಮಾಡಿ ಮತ್ತೆ ನಿನ್ನ ಮುಖ ನೋಡಿದರೆ ಅದು ಹಸಿವೇ ಎಂದು ನಂಬಿ ಕರಗಬೇಡ. ಇಂಥ ನಾಯಿಗೆ ಮನೆಯೊಳಗಿನ ಪಾಠಕ್ಕೆ ಅದರ ದಿನದ ಊಟದ ಕಾಳುಗಳೇ ಸಾಕು, ಬೇರೆ ತಿಂಡಿಯೇ ಬೇಡ. ನಮ್ಮ ಮುಧೋಳದ ನಾಯಿಯಾದರೆ ಕಥೆ ಬೇರೆ. ಕಣ್ಣಿಂದ ಬೇಟೆ ಕಂಡು ಓಡುವ ಜಾತಿ ಅದು. ದೂರದಲ್ಲೊಂದು ಅಳಿಲು ಓಡಿದರೆ ನಿನ್ನ ಕೈಯ ಕೋಳಿಚೂರನ್ನು ತಿರುಗಿಯೂ ನೋಡಲಿಕ್ಕಿಲ್ಲ. ಅದಕ್ಕೆ ಓಡಲು ಬಿಡುವುದೇ ಬಹುಮಾನ.

ಮನೆಯೊಳಗೆ ಕಾಳು ಸಾಕು ಅಂದೆ. ಲಿಫ್ಟಿನ ಬಾಗಿಲಲ್ಲಿ, ಬೀದಿನಾಯಿ ಎದುರಾದಾಗ, ಕಾಲಿಂಗ್ ಬೆಲ್ ಬಾರಿಸಿದಾಗ ಅದು ಸಾಲದು. ಕೆಲಸ ಕಷ್ಟವಾದಷ್ಟೂ ವಾಸನೆ ಜೋರಾಗಿರಬೇಕು. ನಾಯಿಯ ನಾಲಿಗೆಗೆ ನಮ್ಮಷ್ಟು ರುಚಿ ತಿಳಿಯದು, ತಿನ್ನುವುದು ಮೊದಲು ಮೂಗಿನಿಂದ. ಉಪ್ಪು ಹಾಕದೆ ಬೇಯಿಸಿದ ಕೋಳಿ ಎದೆಮಾಂಸ, ಬೇಯಿಸಿದ ಮೊಟ್ಟೆ, ಪನ್ನೀರ್ ಇವು ಒಳ್ಳೆಯವು. ಮೇಕೆಯ ಲಿವರ್ ವಾಸನೆಗೆ ರಾಜ, ಆದರೆ ಅದರಲ್ಲಿ ವಿಟಮಿನ್ ಎ ಜಾಸ್ತಿ, ದಿನಾ ಬೇಡ. ನಿಮ್ಮನೆಯಲ್ಲಿ ಮಾಂಸ ತರುವುದಿಲ್ಲವೆಂದು ಮುಜುಗರ ಪಡಬೇಡ. ಪನ್ನೀರಿನ ಜೊತೆ ಬೇಯಿಸಿದ ಗೆಣಸು, ಸಿಹಿಗುಂಬಳ, ಕ್ಯಾರೆಟ್ ಚೂರುಗಳಲ್ಲೇ ಎಷ್ಟೋ ನಾಯಿ ಪಾಠ ಕಲಿತಿವೆ. ಹಾಲಿನ ಪದಾರ್ಥ ಕೆಲವಕ್ಕೆ ಒಗ್ಗದೆ ಭೇದಿಯಾಗುತ್ತದೆ. ಮೊದಲ ದಿನ ನಾಲ್ಕೈದು ಚೂರು ಕೊಟ್ಟು ಮರುದಿನ ನೋಡು. ಬೇಯಿಸಿದ್ದನ್ನು ಒಂದೊಂದು ದಿನಕ್ಕಾಗುವಷ್ಟು ಪೊಟ್ಟಣ ಮಾಡಿ ಫ್ರೀಜರಿನಲ್ಲಿಟ್ಟುಕೋ. ಹಿಂದಿನ ರಾತ್ರಿ ಒಂದನ್ನು ಕೆಳಗಿಳಿಸಿದರೆ ಆಯಿತು.

ಇನ್ನು ಕೊಡಬಾರದ್ದು. ಇಲ್ಲಿ ಮಾತ್ರ ನನ್ನದು ಹಟ. ಚಾಕೊಲೇಟ್ ಬೇಡವೆಂದು ಈಗ ಎಲ್ಲರಿಗೂ ಗೊತ್ತು. ಈರುಳ್ಳಿ, ಬೆಳ್ಳುಳ್ಳಿ ರಕ್ತದ ಕೆಂಪುಕಣಗಳನ್ನು ಒಡೆಯುತ್ತವೆ, ಬೆಂದರೂ ಅವುಗಳ ಗುಣ ಹೋಗದು. ಆದ್ದರಿಂದ ಪಲ್ಯ, ಸಾಗು, ಈರುಳ್ಳಿ ಹಾಕಿದ ನಿಪ್ಪಟ್ಟು ಯಾವುದೂ ಸೊಂಟದ ಚೀಲಕ್ಕೆ ಬರಕೂಡದು. ಶುಗರ್‌ಫ್ರೀ ಚ್ಯೂಯಿಂಗ್ ಗಮ್, ಕೆಲವು ಪೀನಟ್ ಬಟರ್‌ಗಳಲ್ಲಿ ಕ್ಸೈಲಿಟಾಲ್ ಇರುತ್ತದೆ. ನಮಗೆ ಬರೀ ಸಿಹಿ, ನಾಯಿಗೆ ಒಂದು ಗಂಟೆಯೊಳಗೆ ರಕ್ತದ ಸಕ್ಕರೆ ಕುಸಿಯಬಹುದು, ಲಿವರ್ ಕೆಡಬಹುದು. ಪೊಟ್ಟಣದ ಹಿಂದೆ ಸಣ್ಣಕ್ಷರದಲ್ಲಿ 967 ಎಂದಿದ್ದರೆ ಅದೇ ಇದು.

ಎಲ್ಲಕ್ಕಿಂತ ಹೆಚ್ಚಾಗಿ ದ್ರಾಕ್ಷಿ. ಹಸಿಯದೂ, ಒಣಗಿದ್ದೂ. ಕಿಡ್ನಿಯನ್ನೇ ಕೆಡಿಸುತ್ತದೆ. ಎಷ್ಟು ತಿಂದರೆ ಅಪಾಯ ಎಂಬ ಖಚಿತ ಅಳತೆಯೂ ಇಲ್ಲ, ಒಂದು ನಾಯಿ ಅರಗಿಸಿಕೊಂಡದ್ದು ಇನ್ನೊಂದನ್ನು ಆಸ್ಪತ್ರೆಗೆ ಕಳಿಸುತ್ತದೆ. ಬಹುಕಾಲ ಕಾರಣ ಗೊತ್ತಿರಲಿಲ್ಲ. 2021ರಲ್ಲಿ ಅಮೆರಿಕದ ಪಶುವೈದ್ಯರು ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ಆ ಆಮ್ಲ ನಮ್ಮ ಹುಣಿಸೆಹಣ್ಣಿನಲ್ಲೂ ಧಾರಾಳವಾಗಿದೆ! ಕೇಸರಿಬಾತಿನ ದ್ರಾಕ್ಷಿ ಮಾತ್ರವಲ್ಲ, ಪುಳಿಯೋಗರೆಯ ತುತ್ತೂ ದೂರವಿರಲಿ. ಹಬ್ಬದ ದಿನ ಮನೆಗೆ ಬಂದವರಿಗೆಲ್ಲ ಇದನ್ನು ನೀನೇ ಹೇಳಬೇಕು, ಅವರು ಪ್ರೀತಿಯಿಂದಲೇ ಕೊಡುತ್ತಾರೆ. ಬೆಂದ ಮೂಳೆಯೂ ಅಷ್ಟೆ, ಸೀಳಿ ಗಂಟಲಿಗೆ ಚುಚ್ಚುತ್ತದೆ.

ಮರಿ ಒಂದು ಮಾತು ಕಲಿತ ಮೇಲೆ ಪ್ರತಿ ಸಲ ಕೊಡುವುದನ್ನು ನಿಲ್ಲಿಸು. ಎರಡನೆಯದಕ್ಕೆ, ಐದನೆಯದಕ್ಕೆ, ಮತ್ತೆ ಮೂರನೆಯದಕ್ಕೆ, ಅದಕ್ಕೆ ಲೆಕ್ಕ ಸಿಗದ ಹಾಗೆ ಕೊಡು. ಕೊಡದಿದ್ದಾಗ ‘ಭೇಷ್’ ಎಂದು ಎದೆ ಸವರು. ಕೈಯಲ್ಲಿ ತಿಂಡಿ ಕಂಡರೆ ಮಾತ್ರ ಕೂರುವ ನಾಯಿಗಳು ನಮ್ಮ ಬೀದಿಯಲ್ಲೇ ಮೂರಿವೆ. ತಪ್ಪು ಅವುಗಳದಲ್ಲ. ಚೂರನ್ನು ಮೊದಲೇ ತೋರಿಸಿ ಲಂಚದ ಹಾಗೆ ಆಡಿಸಿದವರದು.

ಪಾಠ ಊಟಕ್ಕೆ ಮುಂಚೆ ಇರಲಿ, ಐದು ನಿಮಿಷ ಮೀರದಿರಲಿ. ಲಸಿಕೆಗೆ ಕರೆದುಕೊಂಡು ಹೋದಾಗಲೆಲ್ಲ ಮರಿಯ ತೂಕ ಹಾಕಿಸಿ ಕ್ಯಾಲೆಂಡರಿನ ಮೇಲೆ ಬರೆದಿಡು, ಡಾಕ್ಟರ ಫೋನ್ ನಂಬರನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸು. ಮರಿ ಒಂದೇ ಒಂದು ದ್ರಾಕ್ಷಿ ನುಂಗಿದರೂ ವಾಂತಿಯಾಗಲೆಂದು ಕಾಯದೆ, ಮನೆಮದ್ದು ಹುಡುಕದೆ ಆ ನಂಬರಿಗೆ ಫೋನ್ ಮಾಡು.