ಆಲೆಮನೆಯ ಬಿಸಿ, ರಕ್ತದೊಳಗಿನ ಉರಿ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಆಲೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತವರಿಗೆ ಬಿಸಿ ಏನೆಂದು ಹೇಳಿಕೊಡಬೇಕಿಲ್ಲ. ಅಂಥ ತಾಪಕ್ಕೆ ಜೀವಕೋಶಗಳು ಕಾವಲು ಪ್ರೋಟೀನುಗಳನ್ನು ತಯಾರಿಸುತ್ತವೆ; ಈ ಗುಟ್ಟಿನ ಮೊದಲ ಸುಳಿವು 1962ರಲ್ಲಿ ಸಿಕ್ಕಿದ್ದು ಹಣ್ಣುನೊಣದಲ್ಲಿ! ಕೆಟ್ಟು ಮುದುಡಿದ ಪ್ರೋಟೀನುಗಳನ್ನು ಈ ಕಾವಲಿನವು ಸರಿಪಡಿಸುತ್ತವೆ. ವಯಸ್ಸಾದಂತೆ ಈ ಚುರುಕು ಕುಗ್ಗುತ್ತದೆ, ಒಳಗೊಳಗೇ ಉರಿಯೂತ ಹೊಗೆಯಾಡುತ್ತದೆ.

ಈ ಉರಿಯೂತದ ಸುಳಿವು ಕೊಡುವುದು ಯಕೃತ್ತು ತಯಾರಿಸುವ ಸಿಆರ್‌ಪಿ (ಸಿ-ರಿಯಾಕ್ಟಿವ್ ಪ್ರೋಟೀನ್) ಎಂಬ ರಕ್ತದ ಪ್ರೋಟೀನು. ಹೃದಯಕ್ಕಾಗಿ ಮಾಡಿಸುವ ಸೂಕ್ಷ್ಮ ಪರೀಕ್ಷೆಯಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಒಳ್ಳೆಯದು, 3 ದಾಟಿದರೆ ಎಚ್ಚರ. 10 ದಾಟಿದರೆ ಗಾಬರಿಬೀಳಬೇಡಿ; ಜ್ವರವೋ ಹಲ್ಲಿನ ಕೀವೋ ಇರಬಹುದು. ವೈದ್ಯರಿಗೆ ತೋರಿಸಿ, ಗುಣವಾಗಿ ಎರಡು ವಾರದ ಮೇಲೆ ಮತ್ತೆ ಪರೀಕ್ಷಿಸಿಕೊಳ್ಳಿ. ಉರಿಯೂತ ತಗ್ಗಬೇಕೆಂದರೆ ಬೀಡಿ ಬಿಡಿ, ಸಂಜೆ ನಾಲೆ ಏರಿ ಮೇಲೆ ಬಿರುಸಾಗಿ ನಡೆಯಿರಿ. ಮದ್ದೂರು ವಡೆಯೇ? ತಿನ್ನಿ, ದಿನಾ ಬೇಡ.