ಅಮೆರಿಕದ ಪತಂಗ ಜನವಾಡದ ಜೋಳದಲ್ಲಿ

ಕಳೆದ ಹಿಂಗಾರಿನಲ್ಲಿ ಜನವಾಡದ ನಮ್ಮ ಹೊಲದ ಜೋಳದ ಎಲೆಗಳಲ್ಲಿ ಸಾಲು ಸಾಲು ತೂತುಗಳು ಕಂಡವು. ಸುಳಿ ಬಿಡಿಸಿ ನೋಡಿದೆ. ಒಳಗೆ ಕಟ್ಟಿಗೆ ಪುಡಿಯಂಥ ಹಿಕ್ಕೆ, ಅದರಡಿ ಒಂದು ಹುಳು. ಅಬ್ಬಾ ಎರಡು ಸಲ ಔಷಧ ಹೊಡೆದರೂ ಹುಳು ಸಾಯಲಿಲ್ಲ.

ಹುಳುವಿನ ತಲೆಯ ಮೇಲೆ ಇಂಗ್ಲಿಷಿನ 'ವೈ' ಅಕ್ಷರವನ್ನು ತಲೆಕೆಳಗೆ ಬರೆದಂಥ ಬಿಳಿ ಗುರುತಿತ್ತು. ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆಗಳಿದ್ದವು. ಇದೇ ಫಾಲ್ ಸೈನಿಕ ಹುಳು. ವೈಜ್ಞಾನಿಕ ಹೆಸರು ಸ್ಪೊಡಾಪ್ಟೆರಾ ಫ್ರೂಜಿಪರ್ಡಾ. ಬೆಳೆದಾಗ ಇದು ಬೂದು ಬಣ್ಣದ ಪತಂಗವಾಗುತ್ತದೆ. ರೆಕ್ಕೆ ಚಾಚಿದರೆ 3ರಿಂದ 4 ಸೆಂ.ಮೀ. ಅಷ್ಟೆ.

ಇದರ ತವರು ಅಮೆರಿಕ ಖಂಡಗಳ ಬೆಚ್ಚಗಿನ ಪ್ರದೇಶ. ಈ ಕೀಟಕ್ಕೆ ಚಳಿಗಾಲವನ್ನು ಕಳೆಯುವ ಸುಪ್ತಾವಸ್ಥೆ ಇಲ್ಲ. ಆದ್ದರಿಂದ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಚಳಿಗಾಲ ಬಂದರೆ ಫ್ಲೋರಿಡಾ ಮತ್ತು ಟೆಕ್ಸಾಸ್‌ನ ದಕ್ಷಿಣ ಭಾಗಗಳಲ್ಲಿ ಮಾತ್ರ ಬದುಕುತ್ತದೆ. ಬೇಸಿಗೆಯಲ್ಲಿ ಗಾಳಿ ಹಿಡಿದು ಉತ್ತರಕ್ಕೆ ಹಾರುತ್ತಾ ಕೆನಡಾವರೆಗೂ ಹೋಗುತ್ತದೆ. ಹಿಮ ಬಿದ್ದಾಗ ಅಲ್ಲಿದ್ದವೆಲ್ಲ ಸಾಯುತ್ತವೆ. ಅಲ್ಲಿನ ಉತ್ತರದ ಹೊಲಗಳಿಗೆ ಶರತ್ಕಾಲದ ಹೊತ್ತಿಗೆ ಮುಟ್ಟುವುದರಿಂದಲೇ 'ಫಾಲ್' ಎಂಬ ಹೆಸರು. ಅಂದರೆ ಒಂದು ಜೀವಿಯ ವ್ಯಾಪ್ತಿ ನಕ್ಷೆಯ ಮೇಲಿನ ಸ್ಥಿರ ಗೆರೆಯಲ್ಲ. ಆಹಾರ ಮತ್ತು ಹವೆ ಎಲ್ಲಿಯವರೆಗೆ ಒದಗುತ್ತವೆಯೋ ಅಲ್ಲಿಯವರೆಗೆ ಅದು ಚಾಚುತ್ತದೆ, ಒದಗದಿದ್ದರೆ ಕುಗ್ಗುತ್ತದೆ.

2016ರಲ್ಲಿ ಈ ಕೀಟ ಪಶ್ಚಿಮ ಆಫ್ರಿಕದಲ್ಲಿ ಕಂಡಿತು. 2018ರ ಮೇ ತಿಂಗಳಲ್ಲಿ ನಮ್ಮದೇ ರಾಜ್ಯದ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಪತ್ತೆಯಾಯಿತು. ಭಾರತದಲ್ಲಿ ಅದೇ ಮೊದಲು. ಬೀದರ್‌ನ ಡಿಸೆಂಬರ್ ಚಳಿಗೆ ನಾವು ಸ್ವೆಟರ್ ಹಾಕಿಕೊಂಡರೂ ಹೊಲದಲ್ಲಿ ಹಿಮ ಬೀಳುವುದಿಲ್ಲ. ಮುಂಗಾರಿನಲ್ಲಿ ಮೆಕ್ಕೆಜೋಳ, ಹಿಂಗಾರಿನಲ್ಲಿ ಜೋಳ. ಕೀಟಕ್ಕೆ ಹಿಂದಿರುಗುವ ಕಾರಣವೇ ಇಲ್ಲ.

ಹಾಗಾದರೆ ಔಷಧ ಏಕೆ ತಾಗಲಿಲ್ಲ? ಬೆಳೆದ ಹುಳು ಸುಳಿಯ ಆಳದಲ್ಲಿ ಕೂತು, ಮೇಲೆ ತನ್ನ ಹಿಕ್ಕೆಯನ್ನೇ ಮುಚ್ಚಳ ಮಾಡಿಕೊಳ್ಳುತ್ತದೆ. ನಾವು ಹೊಡೆದದ್ದು ಎಲೆಯ ಮೇಲೇ ಉಳಿಯಿತು. ಹೊಡೆದದ್ದೂ ತಡವಾಗಿ.

ಇದನ್ನು ಹಿಡಿಯುವ ಕಾಲ ಪೈರು ಚಿಕ್ಕದಿದ್ದಾಗ. ಎಲೆಯ ಮೇಲೆ ಕೂದಲಿನಂಥ ಹೊದಿಕೆಯ ಮೊಟ್ಟೆಗುಂಪು ಕಂಡರೆ ಕೈಯಿಂದಲೇ ಹಿಸುಕಬಹುದು. ಒಂದು ಗುಂಪಿನಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆಗಳಿರುತ್ತವೆ. ಮರಿಹುಳುಗಳಿಗೆ ಬೇವಿನ ಔಷಧವೂ ತಾಗುತ್ತದೆ.

ಈ ಸಲ ಬಿತ್ತಿದ ಎರಡನೇ ವಾರದಿಂದ ಪ್ರತಿ ಭಾನುವಾರ ಅಬ್ಬಾ ಒಂದು ಸಾಲು, ನಾನು ಒಂದು ಸಾಲು ಹಿಡಿದು ನೋಡುತ್ತಿದ್ದೇವೆ. ಭಾಲ್ಕಿ, ಔರಾದ್ ಕಡೆಯ ಗೆಳೆಯರೇ, ನಿಮ್ಮ ಹೊಲದಲ್ಲೂ ಸುಳಿ ಬಿಡಿಸಿ ನೋಡಿ.